ಸುರೆಯ್ಯಾ ಆಯ್ಹಾನ್ ಮತ್ತು ಮುಗಿಯದ 1500 ಮೀಟರ್

2012ರ ಲಂಡನ್ ಒಲಿಂಪಿಕ್ಸ್‌ನ ಮಹಿಳೆಯರ 1500 ಮೀಟರ್ ಗೆದ್ದವರು ಯಾರು? ಆ ರಾತ್ರಿ ಕೇಳಿದ್ದರೆ ಟರ್ಕಿಯ ಆಸ್ಲಿ ಚಾಕಿರ್ ಆಲ್ಪ್‌ತೆಕಿನ್. ಎರಡನೆಯವರು ಅದೇ ದೇಶದ ಗಮ್ಜೆ ಬುಲುತ್. ಇಂದು ಪಟ್ಟಿ ತೆಗೆದರೆ ಎರಡೂ ಹೆಸರಿಲ್ಲ. ನಾಲ್ಕನೆಯವರಾಗಿ ಬಂದ ರಷ್ಯಾದ ತತ್ಯಾನಾ ತೊಮಾಶೊವಾ ಹೆಸರೂ ಇಲ್ಲ. ಈ ಗೋಜಲು ಬಿಡಿಸಬೇಕಾದರೆ ಇನ್ನೂ ಹತ್ತು ವರ್ಷ ಹಿಂದೆ, ಟರ್ಕಿಯದೇ ಓಟಗಾರ್ತಿ ಸುರೆಯ್ಯಾ ಆಯ್ಹಾನ್ ಹತ್ತಿರ ಹೋಗಬೇಕು.

ಟರ್ಕಿಗೆ 1948ರಲ್ಲಿ ಟ್ರಿಪಲ್ ಜಂಪ್‌ನಲ್ಲಿ ಒಂದು ಒಲಿಂಪಿಕ್ಸ್ ಕಂಚು ಬಂದಿತ್ತು, ಆಮೇಲೆ ಅರ್ಧ ಶತಮಾನ ಒಲಿಂಪಿಕ್ಸ್ ಅಥ್ಲೆಟಿಕ್ಸ್‌ನಲ್ಲಿ ಏನೂ ಇಲ್ಲ. ಅಂಥ ದೇಶದಲ್ಲಿ, ಚಾಂಕರಿ ಪ್ರಾಂತ್ಯದ ಕೊರ್ಗುನ್ ಅನ್ನೋ ಸಣ್ಣ ಊರಲ್ಲಿ, 1978ರಲ್ಲಿ ಹುಟ್ಟಿದವರು ಸುರೆಯ್ಯಾ.

ಅವರ ಓಟವೇ ಬೇರೆ ಥರ. 1500 ಮೀಟರ್ ಅಂದರೆ ಮೂರೂ ಮುಕ್ಕಾಲು ಸುತ್ತು. ಮುಂದೆ ಓಡುವವರು ಗಾಳಿ ಸೀಳಬೇಕು, ವೇಗವನ್ನೂ ತಾವೇ ನಿಭಾಯಿಸಬೇಕು, ಅದಕ್ಕೇ ಬುದ್ಧಿವಂತರು ಬೇರೆಯವರ ಬೆನ್ನಿಗೆ ಅಂಟಿಕೊಂಡು ಕೊನೆಯ 200 ಮೀಟರ್‌ಗೆ ಕಾಯುತ್ತಾರೆ. ಸುರೆಯ್ಯಾ ಕಾಯುತ್ತಿರಲಿಲ್ಲ. ಗುಂಡು ಹಾರಿದ ಕೂಡಲೇ ಮುಂದೆ ಹೋಗಿ, ತಾಕತ್ತಿದ್ದರೆ ಬನ್ನಿ ಅನ್ನುವ ಹಾಗೆ ಓಡುತ್ತಿದ್ದರು. 2002ರ ಆಗಸ್ಟ್, ಮ್ಯೂನಿಕ್, ಯುರೋಪಿಯನ್ ಚಾಂಪಿಯನ್‌ಷಿಪ್. ಬೆನ್ನಿಗಿದ್ದದ್ದು ಸಾಮಾನ್ಯರಲ್ಲ, ಸಿಡ್ನಿ ಒಲಿಂಪಿಕ್ಸ್‌ನಲ್ಲಿ 5000 ಮೀಟರ್ ಚಿನ್ನ ಗೆದ್ದಿದ್ದ ರೊಮೇನಿಯಾದ ಗೇಬ್ರಿಯೆಲಾ ಸಾಬೊ. ಕೊನೆಗೆ ಸುರೆಯ್ಯಾ 3:58.79, ಸಾಬೊ 3:58.81. ಕಣ್ಣು ಮಿಟುಕಿಸುವಷ್ಟೂ ಅಂತರವಿಲ್ಲ. ಮೂರನೆಯವರು ಯಾರು ಗೊತ್ತಾ? ಅದೇ ತೊಮಾಶೊವಾ.

ಮರುವರ್ಷ ಪ್ಯಾರಿಸ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸ್ಥಾನ ಅದಲುಬದಲಾಯಿತು. ತೊಮಾಶೊವಾಗೆ ಚಿನ್ನ, ಸುರೆಯ್ಯಾಗೆ ಬೆಳ್ಳಿ. ಒಂದು ವಾರದೊಳಗೆ ಬ್ರಸೆಲ್ಸ್‌ನಲ್ಲಿ ಸುರೆಯ್ಯಾ 3:55.33. ಅಥೆನ್ಸ್ ಒಲಿಂಪಿಕ್ಸ್‌ಗೆ ಇನ್ನು ಒಂದೇ ವರ್ಷ. ಇಡೀ ದೇಶ ಒಬ್ಬ ಹುಡುಗಿಯ ಕಾಲಿನ ಮೇಲೆ ಆಸೆ ಇಟ್ಟು ಕೂತಿತ್ತು. ಅದು ಎಂಥ ಭಾರ ಅಲ್ವಾ? ಕೋಚ್ ಯುಜೆಲ್ ಕೊಪ್ ಆಮೇಲೆ ಗಂಡನೂ ಆದರು. ಪತ್ರಿಕೆಗಳು ಅವರ ಮನೆಯ ವಿಷಯವನ್ನೂ ಬಿಡಲಿಲ್ಲ.

ಅಥೆನ್ಸ್‌ನಲ್ಲಿ ಅವರು ಓಡಲೇ ಇಲ್ಲ. ಡೋಪಿಂಗ್ ಪರೀಕ್ಷೆಯ ಮಾದರಿಯಲ್ಲಿ ಕೈಚಳಕ ನಡೆದಿದೆ ಅನ್ನೋ ಆರೋಪ ಬಂತು, ಎರಡು ವರ್ಷ ನಿಷೇಧ ಆಯಿತು. 2007ರಲ್ಲಿ ಅವರ ಮಾದರಿಯಲ್ಲಿ ಸ್ಟೀರಾಯ್ಡ್ ಸಿಕ್ಕಿತು. ಎರಡನೇ ತಪ್ಪಿಗೆ ಆಜೀವ ನಿಷೇಧ.

ಆಸ್ಲಿ ಬಂದಿದ್ದು ಈ ಖಾಲಿ ಜಾಗಕ್ಕೆ. ಜೂನಿಯರ್ ಆಗಿದ್ದಾಗಲೇ, 2004ರಲ್ಲಿ, ಅವರೂ ಒಮ್ಮೆ ಸಿಕ್ಕಿಬಿದ್ದಿದ್ದರು. ಅಂಥ ಎಳೆ ವಯಸ್ಸಲ್ಲಿ ಔಷಧಿ ಕೈಗೆ ಹೇಗೆ ಬರುತ್ತೆ, ಯಾರು ತಂದು ಕೊಡ್ತಾರೆ ಅನ್ನೋದು ನಿಷೇಧದ ಆದೇಶದಲ್ಲಿ ಇರೋದಿಲ್ಲ. ಲಂಡನ್ ಹೊತ್ತಿಗೆ ಜೈವಿಕ ಪಾಸ್‌ಪೋರ್ಟ್ ಬಂದಿತ್ತು. ಇದು ಔಷಧಿಯನ್ನು ಹುಡುಕುವುದಿಲ್ಲ, ಒಬ್ಬರ ರಕ್ತವನ್ನು ಮತ್ತೆ ಮತ್ತೆ ತೆಗೆದು ಹಿಮೋಗ್ಲೋಬಿನ್, ಎಳೆಯ ಕೆಂಪು ಕಣ ಎಲ್ಲ ಅಳೆದು, ಅವರದೇ ಹಳೆಯ ಲೆಕ್ಕಕ್ಕೆ ಹೋಲಿಸಿ, ಸಹಜವಾಗಿ ಆಗದ ಏರುಪೇರು ಇದೆಯಾ ಅಂತ ನೋಡುತ್ತೆ. ಆಸ್ಲಿಯ ಲೆಕ್ಕ ಕೂಡಲಿಲ್ಲ. ದೇಶದೊಳಗಿನ ವಿಚಾರಣೆ 2013ರಲ್ಲಿ ತಪ್ಪಿಲ್ಲ ಅಂದಿತು. ಅಂತರರಾಷ್ಟ್ರೀಯ ಫೆಡರೇಷನ್ ಕ್ರೀಡಾ ನ್ಯಾಯಾಲಯಕ್ಕೆ ಹೋಯಿತು. 2015ರಲ್ಲಿ ಎಂಟು ವರ್ಷ ನಿಷೇಧ, ಚಿನ್ನ ವಾಪಸ್. ನಂತರ ಬುಲುತ್‌ರ ಬೆಳ್ಳಿಯೂ ಹೋಯಿತು.

ಇನ್ನೊಂದು ವಿಷಯ ಜನ ಮರೆತಿದ್ದಾರೆ. ಇಸ್ತಾಂಬುಲ್ 2020ರ ಒಲಿಂಪಿಕ್ಸ್‌ಗಾಗಿ ಟೋಕಿಯೊ ಜೊತೆ ಸ್ಪರ್ಧಿಸುತ್ತಿದ್ದ 2013ರ ಆಗಸ್ಟ್‌ನಲ್ಲಿ ಟರ್ಕಿ ಡೋಪಿಂಗ್‌ಗಾಗಿ ಒಂದೇ ಸಲ 31 ಅಥ್ಲೀಟ್‌ಗಳನ್ನು ನಿಷೇಧಿಸಿತು. 31 ಜನಕ್ಕೂ ಬೇರೆ ಬೇರೆಯಾಗಿ ಒಂದೇ ಯೋಚನೆ ಹೊಳೆಯಿತು ಅಂತ ನಂಬೋದು ಕಷ್ಟ.

2024ರ ಸೆಪ್ಟೆಂಬರ್‌ನಲ್ಲಿ ತೊಮಾಶೊವಾಗೂ ಹತ್ತು ವರ್ಷ ನಿಷೇಧ ಬಂತು. ಲಂಡನ್‌ನ ಚಿನ್ನ ಈಗ ಬಹ್ರೇನ್‌ನ ಮರಿಯಮ್ ಯೂಸುಫ್ ಜಮಾಲ್ ಹೆಸರಲ್ಲಿದೆ, ಆರನೆಯವರಾಗಿ ಬಂದಿದ್ದ ಅಮೆರಿಕದ ಶಾನನ್ ರೌಬರಿ ಪಾಲಿಗೆ ಕಂಚು ಬಂದಿದೆ. ಅಷ್ಟು ಹೊತ್ತಿಗೆ ಆ ಓಟ ಮುಗಿದು 12 ವರ್ಷ ಆಗಿತ್ತು. ಮ್ಯೂನಿಕ್‌ನ ಫಲಿತಾಂಶವನ್ನು ಮಾತ್ರ ಯಾರೂ ಮುಟ್ಟಿಲ್ಲ. ಅಲ್ಲಿ ಮೊದಲು ಸುರೆಯ್ಯಾ, ಮೂರನೆಯದು ತೊಮಾಶೊವಾ, ಇಂದಿಗೂ ಹಾಗೇ ಇದೆ.