ಸಪೋರ್ಟ್: ಗೇಮ್ ಮಾರಿದ ಮೇಲೆ ಶುರುವಾಗುವ ಕೆಲಸ

ಕಳೆದ ಆಟಿ ತಿಂಗಳ ಒಂದು ಸಂಜೆ, ಹೊರಗೆ ಮಳೆ ಹೊಯ್ಯುತ್ತಿದ್ದಾಗ, ಅಕ್ಕನ ಮಗ ಫೋನ್ ಹಿಡಿದುಕೊಂಡು ಜಗಲಿಗೆ ಬಂದ. ಎರಡು ವರ್ಷದಿಂದ ಆಡುತ್ತಿದ್ದ ಗೇಮ್ ತೆರೆದರೆ ಇಂಗ್ಲಿಷಿನಲ್ಲಿ ಒಂದು ನೋಟೀಸು: ಮುಂದಿನ ತಿಂಗಳಿನಿಂದ ಈ ಗೇಮಿಗೆ ಸಪೋರ್ಟ್ ಇರುವುದಿಲ್ಲ.

"ಮಾವ, ಇದು ಎಂತ? ಗೇಮ್ ಹೋಗ್ತದಾ, ಇರ್ತದಾ?"

ಕುಂಬಳೆಯಲ್ಲಿ ಐದು ವರ್ಷ ಇಂಟರ್ನೆಟ್ ಅಂಗಡಿ ಇಟ್ಟವ ನಾನು, ಇಷ್ಟೂ ಗೊತ್ತಿರಬೇಕಿತ್ತು. "ಅದು ಹಾಗೆ ಹೇಳಲಿಕ್ಕೆ ಬರುವುದಿಲ್ಲ" ಎಂದೆ. ಅವನಿಗೆ ಸಿಟ್ಟು ಬಂತು. ಹೌದಾ ಅಲ್ಲವಾ ಎಂದು ಕೇಳಿದ್ದಕ್ಕೆ ಮಾವ ವಕೀಲರ ಹಾಗೆ ಮಾತಾಡಿದರೆ ಯಾರಿಗಾದರೂ ಬರುತ್ತದೆ. ಆದರೆ ತಪ್ಪು ನನ್ನದಲ್ಲ, ಆ ಪದದ್ದು.

ಸಪೋರ್ಟ್ ನಮಗೇನೂ ಹೊಸ ಪದವಲ್ಲ. ಫುಟ್‌ಬಾಲ್ ವಿಶ್ವಕಪ್ ಬಂತೆಂದರೆ ಕಾಸರಗೋಡಿನ ಮೂಲೆಮೂಲೆಯಲ್ಲಿ ಅರ್ಜೆಂಟೀನಾ, ಬ್ರೆಜಿಲ್ ಫ್ಲೆಕ್ಸ್‌ಗಳು ಏಳುತ್ತವೆ, "ನೀನು ಯಾರ ಸಪೋರ್ಟ್?" ಎಂಬ ಪ್ರಶ್ನೆಗೆ ಉತ್ತರ ಹೇಳದೆ ಚಾ ಅಂಗಡಿಯಿಂದ ಏಳುವ ಹಾಗಿಲ್ಲ. ಅಲ್ಲಿ ಸಪೋರ್ಟ್ ಎಂದರೆ ಪಕ್ಷ ವಹಿಸುವುದು. ಗೇಮ್ ಲೋಕದಲ್ಲಿ ಆ ಅರ್ಥವಿಲ್ಲ. ಗೊನೆ ಹಾಕಿದ ನೇಂದ್ರ ಬಾಳೆ ಗಾಳಿಗೆ ಬೀಳದ ಹಾಗೆ ಕೋಲು ಕೊಟ್ಟು ನಿಲ್ಲಿಸುತ್ತೇವಲ್ಲ, ಅದರ ಹತ್ತಿರ ಬರುತ್ತದೆ. ಮಾಡಿ ಮಾರಿದ ಗೇಮನ್ನು ಬೀಳದ ಹಾಗೆ ನೋಡಿಕೊಳ್ಳುವ ಎಲ್ಲ ಕೆಲಸಕ್ಕೂ ಅದೊಂದೇ ಹೆಸರು. ತೊಡಕು ಆ "ಎಲ್ಲ"ದಲ್ಲಿ ಉಂಟು.

ಮೊದಲನೆಯದು ತೇಪೆ ಹಾಕುವುದು. ಮಾರಿದ ಗೇಮಿನ ತಪ್ಪು ತಿದ್ದಲು ಆಮೇಲೆ ಕಳಿಸುವ ತುಂಡಿಗೆ ಪ್ಯಾಚ್ ಎನ್ನುತ್ತಾರೆ. ಪ್ಯಾಚ್ ಎಂಬ ಮಾತಿನ ಅರ್ಥವೇ ತೇಪೆ, ಅದೂ ಅಲಂಕಾರಕ್ಕೆ ಹೇಳಿದ್ದಲ್ಲ. 1940ರ ದಶಕದ ಹಾರ್ವರ್ಡ್ ಮಾರ್ಕ್ 1 ಕಂಪ್ಯೂಟರಿಗೆ ಸೂಚನೆಗಳನ್ನು ಕೊಡುತ್ತಿದ್ದದ್ದು ತೂತು ಕೊರೆದ ಕಾಗದದ ಪಟ್ಟಿಯಲ್ಲಿ. ತಪ್ಪು ಜಾಗದಲ್ಲಿ ತೂತು ಬಿದ್ದರೆ ಅದರ ಮೇಲೆ ಕಾಗದದ ತುಂಡು ಅಂಟಿಸುತ್ತಿದ್ದರು, ನಮ್ಮ ಅಮ್ಮಂದಿರು ಚಡ್ಡಿಯ ಹಿಂದೆ ಬಟ್ಟೆ ಕೊಟ್ಟು ಹೊಲಿಯುತ್ತಿದ್ದ ಹಾಗೆಯೇ. ಕಾಗದ ಹೋಯಿತು, ಹೆಸರು ಉಳಿಯಿತು.

ಕ್ಯಾಸೆಟ್ ತುರುಕಿ ಆಡುತ್ತಿದ್ದ ಟಿವಿ ಗೇಮ್ ನೆನಪಿರುವವರಿಗೆ ಗೊತ್ತು, ಆಗ ಈ ಭಾಗ್ಯ ಇರಲಿಲ್ಲ. ಕ್ಯಾಸೆಟ್ಟಿನೊಳಗಿನ ಚಿಪ್‌ನಲ್ಲಿ ತಪ್ಪಿದ್ದರೆ ಅದು ಇದ್ದಲ್ಲೇ ಇತ್ತು. ಪೋಕೆಮಾನ್‌ನ ಮೊದಲ ಗೇಮ್‌ಗಳಲ್ಲಿ ಮಿಸ್ಸಿಂಗ್‌ನೋ ಎಂಬ ಒಡೆದ ಚಿತ್ರದಂಥ ಪ್ರಾಣಿಯೊಂದು ಎದುರಾಗುತ್ತಿತ್ತು. ಯಾರೂ ಅದನ್ನು ಬೇಕೆಂದು ಮಾಡಿದ್ದಲ್ಲ, ಅದೊಂದು ದೋಷ. ಮಾರಿದ ಕ್ಯಾಸೆಟ್ಟನ್ನು ತಿದ್ದಲಿಕ್ಕೆ ಸಾಧ್ಯವಿಲ್ಲದ್ದರಿಂದ ಆ ದೋಷವೇ ಲೋಕಪ್ರಸಿದ್ಧವಾಯಿತು. ತಿದ್ದಲು ಬಾರದ ಕಾಲದಲ್ಲಿ ಕಂಪನಿಗಳು ಕಳಿಸುವ ಮೊದಲು ನಾಲ್ಕು ಸಲ ನೋಡುತ್ತಿದ್ದವು. ಮನೆಮನೆಗೆ ಇಂಟರ್ನೆಟ್ ಬಂದ ಮೇಲೆ "ಈಗ ಹೊರಡಲಿ, ಆಮೇಲೆ ತೇಪೆ ಹಾಕುವ" ಎಂಬ ಧೈರ್ಯ ಬಂತು. ಬಿಡುಗಡೆಯ ದಿನವೇ ದೊಡ್ಡದೊಂದು ಪ್ಯಾಚ್ ಇಳಿಸಿಕೊಳ್ಳಬೇಕಾಗಿ ಬರುವುದು ಈಗ ಮಾಮೂಲು.

ಆ ಧೈರ್ಯ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಮಾಡಿದ ಸೈಬರ್‌ಪಂಕ್ 2077 ಉಂಟು. 2020ರ ಡಿಸೆಂಬರ್ 10ಕ್ಕೆ ಬಂತು. ಸೋನಿ ಕಂಪನಿಯ ಹಳೆಯ ಗೇಮ್ ಯಂತ್ರ ಪ್ಲೇಸ್ಟೇಷನ್ 4ರಲ್ಲಿ ಅದು ಎಷ್ಟು ಎಡವುತ್ತಿತ್ತೆಂದರೆ, ಒಂದೇ ವಾರದಲ್ಲಿ ಸೋನಿ ತನ್ನ ಅಂಗಡಿಯಿಂದ ಗೇಮನ್ನೇ ಕೆಳಗಿಳಿಸಿ ಹಣ ವಾಪಸು ಕೊಡತೊಡಗಿತು. ಮತ್ತೆ ಕಪಾಟಿಗೆ ಬಂದದ್ದು 2021ರ ಜೂನ್‌ನಲ್ಲಿ. ಕಂಪನಿ ಕೈಬಿಡಲಿಲ್ಲ, ಪ್ಯಾಚ್ ಮೇಲೆ ಪ್ಯಾಚ್ ಹಾಕುತ್ತಾ ಹೋಗಿ 2023ರ ಸೆಪ್ಟೆಂಬರಿನಲ್ಲಿ 2.0 ಎಂಬ ಆವೃತ್ತಿ ತಂದಿತು. ಜನ ಹೊಗಳಿದರು. ಆದರೆ ಯಾವ ಪ್ಲೇಸ್ಟೇಷನ್ 4ರಿಂದಾಗಿ ರಗಳೆ ಶುರುವಾಯಿತೋ ಅದಕ್ಕೆ 2.0 ಬರಲೇ ಇಲ್ಲ. ಹೊಸ ಯಂತ್ರಗಳಿಗೆ ಮಾತ್ರ. ಒಂದೇ ಹೆಸರಿನ ಗೇಮ್, ಒಬ್ಬನಿಗೆ ಸಪೋರ್ಟ್ ಉಂಟು, ಪಕ್ಕದವನಿಗೆ ಇಲ್ಲ. ಹಾಗಾಗಿ "ಈ ಗೇಮಿಗೆ ಸಪೋರ್ಟ್ ಉಂಟಾ?" ಎಂದು ಕೇಳಿದರೆ ಅರ್ಧ ಪ್ರಶ್ನೆ ಮಾತ್ರ ಕೇಳಿದ ಹಾಗೆ. ಯಾವ ಯಂತ್ರದ ಮೇಲೆ ಎಂಬುದು ಉಳಿದರ್ಧ.

ಅಲ್ಲಿಗೆ ಪ್ಲಾಟ್‌ಫಾರ್ಮ್ ಬಂತು. ಗೇಮ್ ಓಡುವ ನೆಲ ಅದು. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ವಿಂಡೋಸ್, ಆಂಡ್ರಾಯ್ಡ್, ಐಫೋನ್. ಯಕ್ಷಗಾನ ಬಲ್ಲವರಿಗೆ ಹೀಗೆ ಹೇಳಬಹುದು: ತೆಂಕಿನ ರಂಗಸ್ಥಳದಲ್ಲಿ ಆಡುವ ಪ್ರಸಂಗವನ್ನು ಬಡಗಿನವರು ಆಡಬೇಕಾದರೆ ಕಥೆ, ಪದ ಅದೇ ಇದ್ದರೂ ಚೆಂಡೆ ಬೇರೆ, ವೇಷ ಬೇರೆ, ಕುಣಿತ ಬೇರೆ. ಒಂದು ಯಂತ್ರದ ಗೇಮನ್ನು ಇನ್ನೊಂದಕ್ಕೆ ಒಯ್ಯುವುದಕ್ಕೆ ಪೋರ್ಟಿಂಗ್ ಎನ್ನುತ್ತಾರೆ. ಪ್ರತಿ ಪೋರ್ಟ್‌ಗೂ ಆಮೇಲೆ ಬೇರೆ ಬೇರೆಯಾಗಿ ತೇಪೆ ಹಾಕಬೇಕು. ಎರಿಕ್ ಬರೋನ್ ಒಬ್ಬರೇ ಕೂತು ಮಾಡಿದ, ಬೇಸಾಯದ ಗೇಮ್ ಸ್ಟಾರ್ಡ್ಯೂ ವ್ಯಾಲಿ 2016ರಲ್ಲಿ ಬಂತು. ಅದರ 1.6 ಎಂಬ ದೊಡ್ಡ ಅಪ್‌ಡೇಟ್ ಕಂಪ್ಯೂಟರಿನವರಿಗೆ 2024ರ ಮಾರ್ಚ್‌ನಲ್ಲಿ ಸಿಕ್ಕಿತು. ಫೋನಿನವರು, ಕನ್ಸೋಲಿನವರು (ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ನಂಥ ಗೇಮಿಗೆಂದೇ ಇರುವ ಯಂತ್ರದವರು) ನವೆಂಬರ್‌ವರೆಗೆ ಕಾಯಬೇಕಾಯಿತು. ಕೊಟ್ಟದ್ದು ಪುಕ್ಕಟೆಯಾಗಿ, ಆ ಮಾತು ಬೇರೆ.

ಪ್ಲಾಟ್‌ಫಾರ್ಮಿನ ಯಜಮಾನರಿಗೂ ತಮ್ಮದೇ ಆದ ಕಟ್ಟುಪಾಡುಗಳಿವೆ. ಕನ್ಸೋಲಿನಲ್ಲಿ ಪ್ಯಾಚ್ ಹಾಕಬೇಕಾದರೆ ಅದನ್ನು ಮೊದಲು ಅವರ ಪರೀಕ್ಷೆಗೆ ಒಪ್ಪಿಸಬೇಕು. ನನಗೆ ಬಹಳ ಹಿಡಿಸಿದ ಕಥೆ ಫೆಜ್ ಎಂಬ ಚಿಕ್ಕ ಗೇಮಿನದು. ಪಾಲಿಟ್ರಾನ್ ಎಂಬ ಪುಟ್ಟ ತಂಡ 2012ರಲ್ಲಿ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ 360ಕ್ಕೆ ಅದನ್ನು ತಂದಿತು. ಕೆಲವು ತಪ್ಪು ತಿದ್ದಲು ಒಂದು ಪ್ಯಾಚ್ ಬಿಟ್ಟರು. ಆ ಪ್ಯಾಚೇ ಕೆಲವರ ಸೇವ್ ಫೈಲ್, ಅಂದರೆ ಅಲ್ಲಿಯವರೆಗೆ ಆಡಿದ್ದನ್ನು ಉಳಿಸಿಡುವ ಕಡತ, ಕೆಡಿಸಿತು, ನೂರಕ್ಕೆ ಒಬ್ಬರಿಗಿಂತ ಕಡಿಮೆ ಮಂದಿಯದ್ದು. ಪ್ಯಾಚಿಗೊಂದು ಪ್ಯಾಚ್ ಹಾಕಬೇಕೆಂದರೆ ಮತ್ತೆ ಮೈಕ್ರೋಸಾಫ್ಟಿನ ಪರೀಕ್ಷೆ, ಅದಕ್ಕೆ ಹತ್ತಾರು ಸಾವಿರ ಡಾಲರ್ ಶುಲ್ಕ. "ನಮ್ಮಿಂದಾಗದು" ಎಂದ ತಂಡ ಕೆಟ್ಟ ಪ್ಯಾಚನ್ನೇ ಮತ್ತೆ ಅಂಗಡಿಗೆ ಇಟ್ಟಿತು! ಹೆಚ್ಚಿನವರಿಗೆ ಅದರಿಂದ ಉಪಯೋಗವೇ ಉಂಟು ಎಂಬ ಲೆಕ್ಕ. ಮಾರನೆಯ ವರ್ಷ ಮೈಕ್ರೋಸಾಫ್ಟ್ ಆ ಶುಲ್ಕ ತೆಗೆದದ್ದು ಸುದ್ದಿಯಾದ ಮೇಲೆ ಸರಿಮಾಡುತ್ತೇವೆಂದರು. ಸಪೋರ್ಟ್ ಇಲ್ಲ ಎಂದಾಗಲೆಲ್ಲ ಗೇಮ್ ಮಾಡಿದವನಿಗೆ ಬೈಯುವ ಮೊದಲು ನಾನು ಇದನ್ನು ನೆನಪು ಮಾಡಿಕೊಳ್ಳುತ್ತೇನೆ.

ಮಾಡಿದವನು ಏನೂ ಮುಟ್ಟದೆ ಸುಮ್ಮನೆ ಬಿಟ್ಟರೂ ಗೇಮ್ ಕೆಡುತ್ತದೆ ಎಂಬುದು ಹಲವರಿಗೆ ಹೊಳೆಯದ ಸಂಗತಿ. ಗೇಮ್ ಇದ್ದ ಹಾಗೇ ಇರುತ್ತದೆ, ಕೆಳಗಿನ ನೆಲ ಸರಿಯುತ್ತದೆ. 2017ರ ಸೆಪ್ಟೆಂಬರಿನಲ್ಲಿ ಆಪಲ್ ತನ್ನ ಐಫೋನ್ ನಡೆಸುವ ಐಒಎಸ್ 11 ಬಿಟ್ಟಾಗ ಹಳೆಯ ಮಾದರಿಯ 32 ಬಿಟ್ ಆ್ಯಪ್‌ಗಳು ತೆರೆಯುವುದನ್ನೇ ನಿಲ್ಲಿಸಿದವು. ದುಡ್ಡು ಕೊಟ್ಟು ಕೊಂಡ ಎಷ್ಟೋ ಗೇಮ್‌ಗಳು ಒಂದು ಅಪ್‌ಡೇಟಿಗೆ ಮಣ್ಣಾದವು. ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ 2024ರ ಜನವರಿ 1ರಿಂದ ವಿಂಡೋಸ್ 7 ಮತ್ತು 8ರ ಸಪೋರ್ಟ್ ಬಿಟ್ಟಿತು. ಬ್ರೌಸರಿನಲ್ಲಿ ಗೇಮ್ ಓಡಿಸುತ್ತಿದ್ದ ಅಡೋಬಿ ಫ್ಲ್ಯಾಶ್ 2020ರ ಕೊನೆಗೆ ನಿಂತಾಗ, ಅದರ ಮೇಲೆ ಓಡುತ್ತಿದ್ದ ಮೊದಲ ಫಾರ್ಮ್‌ವಿಲ್ ಎಂಬ ಬೇಸಾಯದ ಗೇಮ್ ಕೂಡ ಅದೇ ಡಿಸೆಂಬರ್ 31ಕ್ಕೆ ಬಾಗಿಲು ಹಾಕಿತು.

ಅಡಿಕೆ ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಸಿ ನೆಟ್ಟರೆ ಕೆಲಸ ಮುಗಿಯಿತೇ? ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಮದ್ದು ಬಿಡಬೇಕು. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಮದ್ದು ಬಿಟ್ಟದ್ದಕ್ಕೆ ಅಡಿಕೆ ಹೆಚ್ಚು ಬರುವುದಿಲ್ಲ. ಕೊಳೆರೋಗ ಬಂದು ಉದುರುವುದು ತಪ್ಪುತ್ತದೆ, ಅಷ್ಟೇ. ಭದ್ರತೆಯ ಪ್ಯಾಚ್ ಕೂಡ ಅಂಥದ್ದೇ, ಹಾಕಿದರೆ ಆಡುವವನ ಕಣ್ಣಿಗೆ ಹೊಸತೇನೂ ಬೀಳುವುದಿಲ್ಲ. 2025ರ ಅಕ್ಟೋಬರಿನಲ್ಲಿ ಯೂನಿಟಿ ಎಂಬ, ಗೇಮ್ ಕಟ್ಟುವ ಸಾಧನದಲ್ಲೇ ಒಂದು ಬಿರುಕು ಇರುವುದು ಬಯಲಾಯಿತು. 2017ರಿಂದೀಚೆಗಿನ ಅದರ ಆವೃತ್ತಿಗಳಲ್ಲಿ ಕಟ್ಟಿದ ಗೇಮ್‌ಗಳನ್ನು ತೆಗೆದು, ಸರಿಪಡಿಸಿ, ಮತ್ತೆ ಏರಿಸಬೇಕಾಗಿ ಬಂತು. ಎಂದೋ ಮುಗಿಸಿ ಮರೆತ ಗೇಮಿನ ಮಂದಿಯೂ ಹಳೆಯ ಕಡತ ಹುಡುಕಬೇಕಾಯಿತು.

ಮದ್ದಿನ ಖರ್ಚು ಯಾರದ್ದು? ಒಮ್ಮೆ ದುಡ್ಡು ತೆಗೆದುಕೊಂಡು ಮಾರಿದ ಗೇಮಿಗೆ ವರ್ಷವರ್ಷ ಕೆಲಸ ಮಾಡಿಸುವುದು ಕಷ್ಟ. ಬಿಟ್ಟಿಯಾಗಿ ಕೊಟ್ಟು, ಒಳಗೆ ಸ್ಕಿನ್ (ವೇಷ, ಬಣ್ಣ), ಸೀಸನ್ ಪಾಸ್ (ಕೆಲವು ತಿಂಗಳ ಚೀಟಿ) ಮಾರುತ್ತಾ ನಡೆಸಿಕೊಂಡು ಹೋಗುವ ಲೈವ್ ಸರ್ವಿಸ್ ಪದ್ಧತಿ ಬೆಳೆಯಲು ಅದೂ ಒಂದು ಕಾರಣ. ಅಕ್ಕನ ಮಗ ಬಂದೂಕಿಗೆ ಬಣ್ಣ ಕೊಳ್ಳಲು ಅವನ ಅಪ್ಪನ ಫೋನಿನಿಂದ ತೆಗೆದ ಹಣ ಒಂದು ಲೆಕ್ಕದಲ್ಲಿ ಮೈಲುತುತ್ತಿಗೆ ಹೋಯಿತು. ಇದನ್ನು ಅವನ ಅಪ್ಪನ ಹತ್ತಿರ ಹೇಳುವ ಧೈರ್ಯ ನನಗಿಲ್ಲ.

ಇನ್ನುಳಿದದ್ದು ಸರ್ವರ್, ಅಂದರೆ ಇಂಟರ್ನೆಟ್ಟಿನ ಮೂಲಕ ಗೇಮ್ ನಡೆಸುವ ಕಂಪನಿಯ ಕಂಪ್ಯೂಟರ್. ಹುಡುಗನ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿಯೇ. "ಸಪೋರ್ಟ್ ನಿಲ್ಲುತ್ತದೆ" ಎಂಬ ಒಂದೇ ಮಾತನ್ನು ಎರಡು ಬೇರೆ ಬೇರೆ ಸಾವುಗಳಿಗೆ ಬಳಸುತ್ತಾರೆ. ಒಂದರಲ್ಲಿ ಹೊಸ ಪ್ಯಾಚ್ ಬರುವುದಿಲ್ಲ, ಗೇಮ್ ಮಾತ್ರ ನಿಮ್ಮಲ್ಲೇ ಇರುತ್ತದೆ, ನೆಲ ಸರಿಯುವವರೆಗೆ ಓಡುತ್ತದೆ. ಇನ್ನೊಂದರಲ್ಲಿ ಕಂಪನಿಯ ಸರ್ವರ್ ಆರುತ್ತದೆ, ನಿಮ್ಮ ಫೋನಿನಲ್ಲಿ ಉಳಿಯುವುದು ಬರೀ ಸಿಪ್ಪೆ. ಯೂಬಿಸಾಫ್ಟ್‌ನ ದಿ ಕ್ರೂ ಎಂಬ ಕಾರು ಓಡಿಸುವ ಗೇಮ್ 2014ರದ್ದು. ಒಬ್ಬರೇ ಆಡಬಹುದಾದ ಭಾಗಕ್ಕೂ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ಆರಿಸಿದಾಗ, ಡಿಸ್ಕ್ ಕೊಂಡು ಮನೆಯಲ್ಲಿಟ್ಟವರಿಗೂ ಅದು ತೆರೆಯಲಿಲ್ಲ. ಅದರ ಬೆನ್ನಿಗೇ "ಸ್ಟಾಪ್ ಕಿಲ್ಲಿಂಗ್ ಗೇಮ್ಸ್" ಎಂಬ ಚಳವಳಿ ಹುಟ್ಟಿ, ಯುರೋಪಿನ ಒಕ್ಕೂಟಕ್ಕೆ ಕೊಡುವ ಮನವಿಯ ಸಹಿಗಳು 2025ರ ಜುಲೈಯಲ್ಲಿ 10 ಲಕ್ಷ ದಾಟಿದವು. ಶಾಶ್ವತವಾಗಿ ನಡೆಸಿ ಎಂದು ಅವರು ಕೇಳುತ್ತಿಲ್ಲ, ಹೋಗುವಾಗ ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಿ ಎನ್ನುತ್ತಾರೆ. ನನಗೆ ಅದು ನ್ಯಾಯವಾಗಿಯೇ ಕಾಣುತ್ತದೆ. ಐಡಿ ಸಾಫ್ಟ್‌ವೇರ್ 1997ರಲ್ಲೇ ಡೂಮ್ ಗೇಮಿನ ಸೋರ್ಸ್ ಕೋಡನ್ನು, ಅಂದರೆ ಅದನ್ನು ಕಟ್ಟಿದ ಮೂಲ ಬರಹವನ್ನು, ಹೊರಗೆ ಬಿಟ್ಟಿತ್ತು. ಇಂದಿಗೂ ಅದು ಹೊಸ ಹೊಸ ಯಂತ್ರಗಳ ಮೇಲೆ ಓಡುತ್ತಿದ್ದರೆ ಆಮೇಲಿನ ಸಪೋರ್ಟ್ ಅಭಿಮಾನಿಗಳದ್ದು.

ನಮ್ಮ ಮಕ್ಕಳಿಗೆ ಸರ್ವರಿನ ಸಾವು ಹೊಸತಲ್ಲ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಪಬ್‌ಜಿ ಮೊಬೈಲ್ ಇತ್ತು. ಫೋನಿನಲ್ಲಿ ಮೊದಲೇ ಹಾಕಿಕೊಂಡಿದ್ದವರು ಅಕ್ಟೋಬರ್ 30ರವರೆಗೆ ಆಡಿದರು, ಅಂದು ಭಾರತದ ಮಟ್ಟಿಗೆ ಸರ್ವರ್ ನಿಂತಿತು. ಮರುವರ್ಷ ಜುಲೈಯಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಅದೇ ಆಟ ಬಂದು, ಹಳೆಯ ಖಾತೆಯ ಸಾಮಾನನ್ನು ಇದಕ್ಕೆ ಸಾಗಿಸಲು ಅವಕಾಶ ಕೊಟ್ಟಿತು. 2022ರ ಜುಲೈಯಲ್ಲಿ ಅದನ್ನೂ ತಡೆದರು, 2023ರ ಮೇಯಲ್ಲಿ ಮತ್ತೆ ಬಿಟ್ಟರು. ಅಪ್‌ಡೇಟು, ಸರ್ವರು ಎಂಬ ಮಾತು ಹಳ್ಳಿಯ ಜಗಲಿಯಲ್ಲಿ ಕೇಳುತ್ತಿದ್ದರೆ ಅದಕ್ಕೆ ಈ ಹೋಗು-ಬರುವೇ ಮುಖ್ಯ ಕಾರಣ.

ಭಾಷೆಯ ಸಪೋರ್ಟ್ ಎಂಬುದೂ ಒಂದುಂಟು. ಕೇರಳದ ಸರಕಾರಿ ಫಾರಂನಲ್ಲಿ ಕನ್ನಡ ಸಾಲು ಹುಡುಕಿ ಅಭ್ಯಾಸವಾದ ನಮಗೆ ಅದರ ಬೆಲೆ ಬೇಗ ಗೊತ್ತಾಗುತ್ತದೆ. ಮೈನ್‌ಕ್ರಾಫ್ಟ್ ಎಂಬ ಗೇಮಿನ, ಕಂಪ್ಯೂಟರಿಗಿರುವ ಜಾವಾ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ, ಅನುವಾದ ಮಾಡಿದವರು ಆಡುವವರೇ. ಆ ಪಟ್ಟಿಯಲ್ಲಿ ನಮ್ಮ ಅಕ್ಷರ ನೋಡಿದ ದಿನ ನಾನು ಗೇಮ್ ಆಡದೆ ಮೆನು ಮಾತ್ರ ಓದುತ್ತಾ ಕೂತಿದ್ದೆ.

ಹುಡುಗನಿಗೆ ಇಷ್ಟೆಲ್ಲ ಹೇಳಲಿಲ್ಲ. ಹೇಳುವಷ್ಟರಲ್ಲಿ ಕರೆಂಟು ಹೋಯಿತು, ಹಿಂದಿನಿಂದಲೇ ಟವರೂ ಹೋಯಿತು. "ಈಗ ತೆರೆದು ನೋಡು" ಎಂದೆ. ಸರ್ವರ್ ಸಿಗುತ್ತಿಲ್ಲ ಎಂದು ಒಂದು ಚಕ್ರ ತಿರುಗುತ್ತಾ ನಿಂತಿತು. ಫೋನಿನಲ್ಲಿದ್ದ ಉಳಿದ ಆರು ಗೇಮ್‌ಗಳನ್ನೂ ಒಂದೊಂದಾಗಿ ಒತ್ತಿದ. ತೆರೆದದ್ದು ಎರಡು: ಒಂದು ಚದುರಂಗ, ಇನ್ನೊಂದು ಅವನ ತಂಗಿ ಹಾಕಿಕೊಂಡಿದ್ದ, ಹಣ್ಣು ಕತ್ತರಿಸುವ ಆಟ.

"ಇದಾ ಉಳಿಯುವುದು?" ಎಂದು ಕೇಳಿದ, ಹಣ್ಣುಗಳನ್ನು ನೋಡುತ್ತಾ.

"ಸದ್ಯಕ್ಕೆ" ಎಂದೆ. ಚಾರ್ಜ್ 14 ಪರ್ಸೆಂಟ್ ಇತ್ತು. ತಂಗಿ ಬಂದು ಫೋನ್ ಕಸಿದುಕೊಂಡಳು.