ಯಾಸೆನೊವಾಟ್ಸ್: 83,145 ಮತ್ತು 7 ಲಕ್ಷದ ನಡುವೆ

ಎರಡನೇ ಮಹಾಯುದ್ಧದ ಕಾಲದಲ್ಲಿ ಸಾಮೂಹಿಕ ಹತ್ಯೆ ನಡೆದ ಕ್ರೊಯೇಷಿಯಾದ ಯಾಸೆನೊವಾಟ್ಸ್ ಶಿಬಿರದ ಬಗ್ಗೆ ಓದುವವರು ಮೊದಲು ಎಡವುವುದು ಸತ್ತವರ ಸಂಖ್ಯೆಯಲ್ಲಿ: ಒಂದೆಡೆ 83,145, ಇನ್ನೊಂದೆಡೆ 7 ಲಕ್ಷ. ಎರಡರ ನಡುವಿನದೇ ನಿಜವಿರಬೇಕೆಂದು ಸರಾಸರಿ ತೆಗೆಯಲು ಹೋಗಬೇಡಿ. ಇವು ಎಣಿಸಿದ ರೀತಿಯೇ ಬೇರೆ.

ಹಿನ್ನೆಲೆ ಇಷ್ಟು: ನಾಜಿ ಬೆಂಬಲದ ಉಸ್ತಾಶಾ (ಕ್ರೊಯೇಷಿಯಾದ ಫ್ಯಾಸಿಸ್ಟರು) ಸರ್ಕಾರ 1941ರ ಆಗಸ್ಟ್‌ನಲ್ಲಿ ಸಾವಾ ನದಿಯ ದಡದಲ್ಲಿ ಈ ಶಿಬಿರ ತೆರೆಯಿತು. ನಡೆಸಿದವರು ಜರ್ಮನರಲ್ಲ, ಉಸ್ತಾಶಾಗಳೇ. ಶಿಬಿರದ ಬಗ್ಗೆ ಬರೆಯುವಾಗ ಹಲವರು ಇದನ್ನು ಮರೆಯುತ್ತಾರೆ.

7 ಲಕ್ಷದ ಬೇರು ಯುದ್ಧಾನಂತರದ ಪರಿಹಾರದ ಬೇಡಿಕೆಗಳ ಕಾಲದ್ದು. ಆಗ ಕ್ರೊಯೇಷಿಯಾವೂ ಸೇರಿದ್ದ ಯುಗೊಸ್ಲಾವಿಯಾ, ಇಡೀ ದೇಶದಲ್ಲಿ ಯುದ್ಧದಿಂದ ಒಟ್ಟು 17 ಲಕ್ಷ ಜನ ಸತ್ತರೆಂದಿತು. ಆದರೆ ಆ ಅಂಕಿಯಲ್ಲಿ ಯುದ್ಧದಿಂದಾಗಿ ಹುಟ್ಟದೇ ಹೋದ ಮಕ್ಕಳೂ ದೇಶ ಬಿಟ್ಟವರೂ ಸೇರಿದ್ದರು. 1964ರಲ್ಲಿ ಹೆಸರು ಹಿಡಿದು ಗಣತಿ ಮಾಡಿದಾಗ ಇಡೀ ದೇಶಕ್ಕೆ ಸಿಕ್ಕಿದ್ದು 5,97,323. ಸರ್ಕಾರ ಅದನ್ನು ಬಹಳ ಕಾಲ ಹೊರಬಿಡಲಿಲ್ಲ. (ಶತ್ರುಪಕ್ಷದಲ್ಲಿದ್ದು ಸತ್ತವರನ್ನು ಅದರಲ್ಲಿ ಎಣಿಸಿರಲಿಲ್ಲ.) 1980ರ ದಶಕದಲ್ಲಿ ಸೆರ್ಬ್ ಸಂಶೋಧಕ ಕೊಚೊವಿಚ್, ಕ್ರೊಯೇಟ್ ಸಂಶೋಧಕ ಜೆರ್ಯಾವಿಚ್ ಬೇರೆಬೇರೆಯಾಗಿ ಲೆಕ್ಕ ಹಾಕಿ ಇಬ್ಬರೂ ಸುಮಾರು 10 ಲಕ್ಷಕ್ಕೆ ಬಂದು ನಿಂತರು. ಎದುರು ಬಣದ ಇಬ್ಬರ ಉತ್ತರ ಕೂಡಿಬಂದದ್ದೇ ಇಲ್ಲಿ ದೊಡ್ಡ ಸಾಕ್ಷ್ಯ. ದೇಶದ ಒಟ್ಟು ಸಾವು ಅಷ್ಟಾದರೆ ಒಂದೇ ಶಿಬಿರಕ್ಕೆ 7 ಲಕ್ಷ ಹೊಂದುವುದಿಲ್ಲ.

83,145 ಎಂಬುದು ಯಾಸೆನೊವಾಟ್ಸ್ ಸ್ಮಾರಕ ಸಂಸ್ಥೆ ಹೆಸರು ಹಿಡಿದು ಮಾಡಿದ ಪಟ್ಟಿ: ಸೆರ್ಬರು 47,627, ರೋಮಾಗಳು (ಜಿಪ್ಸಿಗಳು ಎಂದು ಕರೆಯಲಾಗುತ್ತಿದ್ದವರು) 16,173, ಯಹೂದಿಗಳು 13,116, ಉಳಿದವರು ಕ್ರೊಯೇಟರು ಮತ್ತಿತರರು. ಇದು ಕನಿಷ್ಠ ಮಿತಿ, ಗರಿಷ್ಠವಲ್ಲ. ರೋಮಾ ಕುಟುಂಬಗಳು ಬುಡಸಮೇತ ಅಳಿದಲ್ಲಿ ಹೆಸರು ಹೇಳಲೂ ಯಾರೂ ಉಳಿದಿರಲಿಲ್ಲ. ಅಮೆರಿಕದ ಹೋಲೊಕಾಸ್ಟ್ ಮ್ಯೂಸಿಯಂನ ಅಂದಾಜು 77,000ದಿಂದ 99,000. ಅಂಕಿ ಇಳಿಯಿತೆಂದು ಜನಾಂಗಹತ್ಯೆಯೇ ನಡೆದಿಲ್ಲ ಎನ್ನುವವರೂ ಇದ್ದಾರೆ. ಆ ವಾದ ನಿಲ್ಲುವುದಿಲ್ಲ: ಕಾನೂನು ನೋಡುವುದು ಒಂದು ಸಮುದಾಯವನ್ನು ನಾಶಮಾಡುವ ಉದ್ದೇಶವನ್ನು.

ಸ್ಮರಣೆಯೂ ನದಿಯಂತೆಯೇ ಎರಡು ದಡವಾಗಿದೆ. ಕ್ರೊಯೇಷಿಯಾ ಬದಿಯಲ್ಲಿ ವಾಸ್ತುಶಿಲ್ಪಿ ಬೊಗ್ದನೊವಿಚ್ ರೂಪಿಸಿದ 'ಕಲ್ಲಿನ ಹೂವು' ಸ್ಮಾರಕ (1966). ಎದುರು ದಡದ ಡೊನ್ಯಾ ಗ್ರಾದಿನಾ ಈಗ ಬೋಸ್ನಿಯಾದಲ್ಲಿ ಸೆರ್ಬರ ಆಡಳಿತವಿರುವ ರೆಪಬ್ಲಿಕಾ ಸ್ರ್ಪ್‌ಸ್ಕಾದಲ್ಲಿದೆ. ಅಲ್ಲಿನ ಫಲಕಗಳಲ್ಲಿ 7 ಲಕ್ಷವೇ ಉಳಿದಿದೆ. ಸಾಮೂಹಿಕ ಹತ್ಯೆ ಆ ದಡದಲ್ಲೂ ನಡೆದಿದ್ದರಿಂದ ಅದನ್ನು ಬರೀ ಪ್ರಚಾರದ ಜಾಗ ಎಂದು ತಳ್ಳಿಹಾಕುವುದೂ ತಪ್ಪು.

ಕ್ರೊಯೇಷಿಯಾದೊಳಗೂ ಒಮ್ಮತವಿಲ್ಲ. 1945ರಲ್ಲಿ ಆಸ್ಟ್ರಿಯಾದ ಬ್ಲೈಬುರ್ಗ್‌ನಲ್ಲಿ ಉಸ್ತಾಶಾ ಪಡೆಗಳು ಶರಣಾದ ಬಳಿಕ ಪಾರ್ಟಿಸಾನರು (ಯುಗೊಸ್ಲಾವಿಯಾದ ಕಮ್ಯುನಿಸ್ಟ್ ಪಡೆ) ಕೊಂದವರ ಅಸ್ಥಿಯನ್ನೂ ಇಲ್ಲಿಯೇ ಹೂಳಬೇಕೆಂದು 1990ರ ದಶಕದಲ್ಲಿ ಕ್ರೊಯೇಷಿಯಾದ ಅಧ್ಯಕ್ಷ ತುಜ್‌ಮನ್ ಬಯಸಿದರು. ವಿರೋಧ ಎದ್ದು ಅದು ನಡೆಯಲಿಲ್ಲ. 2006ರ ಹೊಸ ಪ್ರದರ್ಶನ ಗಾಜಿನ ಹಲಗೆಗಳ ಮೇಲೆ ಹೆಸರುಗಳನ್ನು ಬರೆಯಿತು, ಕೊಂದವರ ವಿಷಯದಲ್ಲಿ ದನಿ ತಗ್ಗಿಸಿತು ಎಂಬ ಟೀಕೆ ಬಂತು. 2016ರ ಕೊನೆಗೆ ಉಸ್ತಾಶಾ ಘೋಷಣೆಯಿದ್ದ ಫಲಕವನ್ನು ಯಾಸೆನೊವಾಟ್ಸ್ ಊರಲ್ಲಿ ಹಾಕಿದರು. ಮರುವರ್ಷ ಅದನ್ನು ಹತ್ತಿರದ ನೊವ್‌ಸ್ಕಾಗೆ ಸಾಗಿಸಿದರು. 2016ರಿಂದ ಕೆಲವು ವರ್ಷ ಯಹೂದಿ, ಸೆರ್ಬ್, ಫ್ಯಾಸಿಸ್ಟ್‌ವಿರೋಧಿ ಸಂಘಟನೆಗಳು ಸರ್ಕಾರಿ ಸ್ಮರಣೆಗೆ ಬರದೆ ಬೇರೆಯಾಗಿಯೇ ಹೂವಿಟ್ಟವು. 2020ರಲ್ಲಿ ಮತ್ತೆ ಒಟ್ಟಿಗೆ ಸೇರಿದರು.