ಕಾರಣದ ಕಾಲಂನಲ್ಲಿ ‘ನಿರ್ಲಕ್ಷ್ಯ’ ಎಂದು ಬರೆಯುವ ಮುಂಚೆ: ಮಾಲೀಕರ ಸುರಕ್ಷತಾ ಹೊಣೆಯ ಟಿಪ್ಪಣಿ

ಶಿಫ್ಟ್ ಇದ್ದ ಕಾರಣಕ್ಕೆ ಭಾನುವಾರದ ಸೇಫ್ಟಿ ಡಿಪ್ಲೊಮಾ ಕ್ಲಾಸಿಗೆ ಬರಲಾಗದ ಗೆಳೆಯರಿಗಾಗಿ ಇದನ್ನು ಬರೆದಿದ್ದೇನೆ. ಪಾಠ ಇದ್ದದ್ದು ಮಾಲೀಕರ ಹೊಣೆಗಳ ಮೇಲೆ. ಸೆಕ್ಷನ್ ನಂಬರುಗಳನ್ನು ಬಾಯಿಪಾಠ ಮಾಡಿಕೊಂಡರೂ ಪಾಸಾಗಬಹುದು. ಆದರೆ ನಾನು ಪೀಣ್ಯದ ಒಂದು ಶೆಡ್ಡಿನಲ್ಲಿ ಮೂರು ವರ್ಷ ಪವರ್ ಪ್ರೆಸ್, ಅಂದರೆ ತಗಡು ಒತ್ತುವ ಯಂತ್ರ, ಓಡಿಸಿದವನು. ಪಕ್ಕದ ಮೆಷಿನ್ನಿನಲ್ಲಿದ್ದ ಹುಡುಗನ ಎರಡು ಬೆರಳು ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಫಸ್ಟ್ ಏಡ್ ಡಬ್ಬಿಯ ಕೀ ಆಫೀಸಿನಲ್ಲಿತ್ತು. ಕೈಗೆ ಬನಿಯನ್ ವೇಸ್ಟ್ ಸುತ್ತಿ ಆಟೋದಲ್ಲಿ ಕರೆದುಕೊಂಡು ಹೋದೆವು. ಮಾರನೇ ದಿನ ಅಪಘಾತದ ರಿಜಿಸ್ಟರಿನ ‘ಕಾರಣ’ ಕಾಲಂನಲ್ಲಿ ಎರಡೇ ಪದ ಇದ್ದವು: ‘ಕೆಲಸಗಾರನ ನಿರ್ಲಕ್ಷ್ಯ’. ಈ ಅಧ್ಯಾಯವನ್ನು ನಾನು ಆ ಎರಡು ಪದಗಳನ್ನು ಎದುರಿಗಿಟ್ಟುಕೊಂಡೇ ಓದಿದೆ.

ಮೊದಲು, ಯಾವ ಕಾನೂನು ಎಂಬುದು. ಇಷ್ಟು ವರ್ಷ ನಮಗೆ ಆಧಾರ 1948ರ ಕಾರ್ಖಾನೆಗಳ ಕಾಯ್ದೆ. 1984ರ ಭೋಪಾಲ್ ದುರಂತದ ನಂತರ, 1987ರಲ್ಲಿ ಅದಕ್ಕೆ 7ಎ ಸೆಕ್ಷನ್ ಸೇರಿತು. ಕೆಲಸದ ಜಾಗದಲ್ಲಿ ಕಾರ್ಮಿಕರ ಸುರಕ್ಷತೆ, ಆರೋಗ್ಯ, ಕ್ಷೇಮ ನೋಡಿಕೊಳ್ಳುವುದು ಅಧಿಭೋಗದಾರನ, ಅಂದರೆ ಕಾರ್ಖಾನೆಯ ಅಂತಿಮ ಹತೋಟಿ ಯಾರ ಕೈಯಲ್ಲಿದೆಯೋ ಆ ಆಕ್ಯುಪೈಯರ್‌ನ ಹೊಣೆ ಎಂದು ಅದು ನೇರವಾಗಿ ಹೇಳಿತು. 2025ರ ನವೆಂಬರ್ 21ರಿಂದ ಆ ಜಾಗಕ್ಕೆ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಬಂದಿದೆ. ಹಳೆಯ ನಿಯಮಗಳು ಸಂಹಿತೆಗೆ ವಿರುದ್ಧವಾಗದ ಮಟ್ಟಿಗೆ ಬದಲಾವಣೆಯ ಅವಧಿಯಲ್ಲಿ ನಡೆಯುತ್ತವೆ. ಹಾಗಾಗಿ 1969ರ ಕರ್ನಾಟಕ ಕಾರ್ಖಾನೆಗಳ ನಿಯಮಗಳ ಪುಸ್ತಕವನ್ನು ರದ್ದಿಗೆ ಹಾಕಬೇಡಿ.

ಸಂಹಿತೆಯ ಸೆಕ್ಷನ್ 6 ಈ ಅಧ್ಯಾಯದ ಜೀವ. ಗಾಯಕ್ಕೋ ಕೆಲಸದಿಂದ ಬರುವ ಕಾಯಿಲೆಗೋ ಕಾರಣವಾಗುವ, ಕಾರಣವಾಗಬಹುದಾದ ಅಪಾಯಗಳು ಕೆಲಸದ ಜಾಗದಲ್ಲಿ ಇಲ್ಲದಂತೆ ಮಾಲೀಕ ನೋಡಿಕೊಳ್ಳಬೇಕು ಎನ್ನುವುದು ಅದರ ಮೊದಲ ಮಾತು. ‘ಅಪಾಯ ಇರುವ ಕಡೆ ಹುಷಾರಾಗಿರಿ ಅಂತ ಹೇಳಬೇಕು’ ಎಂದು ಅಲ್ಲಿ ಬರೆದಿಲ್ಲ. ಅದೇ ಸೆಕ್ಷನ್ನಿನಲ್ಲಿ ನಿಗದಿತ ವರ್ಗದ ನೌಕರರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಇದೆ, ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಇದೆ. ಇನ್ನೊಂದು ಮಾತಿಗೆ ಗೆರೆ ಎಳೆದುಕೊಳ್ಳಿ: ಸುರಕ್ಷತೆ ಮತ್ತು ಆರೋಗ್ಯಕ್ಕಾಗಿ ಕೊಟ್ಟ ಯಾವುದಕ್ಕೂ ನೌಕರನಿಂದ ದುಡ್ಡು ವಸೂಲಿ ಮಾಡುವಂತಿಲ್ಲ. ಸೇಫ್ಟಿ ಶೂ ಬಾಬ್ತು ಎಂದು ಸಂಬಳದಲ್ಲಿ ಹಿಡಿದುಕೊಳ್ಳುವುದು ಎಷ್ಟು ಕಡೆ ನಡೆಯುತ್ತದೆಂದು ನಿಮಗೇ ಗೊತ್ತು.

ಈಗ ‘ನಿಯಂತ್ರಣದ ಮೆಟ್ಟಿಲು’. ಐದು ಹಂತ: ಅಪಾಯವನ್ನೇ ತೆಗೆದುಹಾಕುವುದು, ಕಡಿಮೆ ಅಪಾಯದ್ದನ್ನು ತಂದಿಡುವುದು, ಯಂತ್ರದಲ್ಲೇ ತಡೆ ಕಟ್ಟುವುದು, ತರಬೇತಿ ಮತ್ತು ಕೆಲಸದ ಕ್ರಮ, ಕಟ್ಟಕಡೆಗೆ ಮೈಮೇಲೆ ಹಾಕಿಕೊಳ್ಳುವ ಗ್ಲೌಸ್, ಹೆಲ್ಮೆಟ್, ಕನ್ನಡಕ. ನಮ್ಮ ಶೆಡ್ಡುಗಳಲ್ಲಿ ಈ ಮೆಟ್ಟಿಲನ್ನು ತಲೆಕೆಳಗಾಗಿ ಹತ್ತುತ್ತಾರೆ. ಗ್ಲೌಸ್ ಕೊಟ್ಟು ಸಹಿ ಹಾಕಿಸಿಕೊಂಡರೆ ಅಲ್ಲಿಗೆ ಸುರಕ್ಷತೆ ಮುಗಿಯಿತು.

ಪ್ರೆಸ್ಸನ್ನೇ ಹತ್ತಿರದಿಂದ ನೋಡೋಣ. ರ‍್ಯಾಮ್ ಎಂಬ ಮೇಲಿನ ಭಾಗ ಕೆಳಗಿಳಿದು, ಡೈ ಎಂಬ ಅಚ್ಚಿನಲ್ಲಿಟ್ಟ ತಗಡಿನ ಪೀಸನ್ನು ಒತ್ತುತ್ತದೆ. ಹಳೆಯ ಪಿನ್ ಕ್ಲಚ್ ಪ್ರೆಸ್‌ನಲ್ಲಿ ಒಮ್ಮೆ ಪೆಡಲ್ ತುಳಿದರೆ ರ‍್ಯಾಮ್ ಕೆಳಗಿಳಿದು ಮೇಲೆ ಬಂದೇ ನಿಲ್ಲುತ್ತದೆ. ನಡುವೆ ನಿಲ್ಲಿಸಲು ದಾರಿಯೇ ಇಲ್ಲ. ಅಲ್ಲಿ ಗ್ಲೌಸ್ ಏನು ಮಾಡೀತು? ಅಪಾಯವನ್ನೇ ತೆಗೆಯುವುದೆಂದರೆ ಬೆರಳೇ ಹೋಗದಷ್ಟು, ಸುಮಾರು 6 ಮಿಲಿಮೀಟರ್‌ಗಿಂತ ಕಡಿಮೆ ಸಂದು ಬಿಟ್ಟು ಡೈ ಮಾಡಿಸುವುದು, ಅಥವಾ ಪೀಸು ಜಾರು ತಟ್ಟೆಯಿಂದ ತಾನಾಗಿ ಒಳಗೆ ಹೋಗುವಂತೆ ಮಾಡುವುದು. ಅದಾಗದಿದ್ದರೆ ಡೈ ಸುತ್ತ ಗಟ್ಟಿ ಗಾರ್ಡ್, ಇಲ್ಲವೇ ಗಾರ್ಡ್ ಮುಚ್ಚಿದರೆ ಮಾತ್ರ ಕ್ಲಚ್ ಬೀಳುವ ಇಂಟರ್‌ಲಾಕ್. ಕ್ಲಾಸಿನಲ್ಲಿ ಒಬ್ಬರು “ಲೈಟ್ ಕರ್ಟನ್ ಹಾಕಿಸಿದ್ರೆ ಆಯ್ತಲ್ಲ ಸಾರ್?” ಎಂದು ಕೇಳಿದರು. ಒಳ್ಳೆಯ ಪ್ರಶ್ನೆ, ಪರೀಕ್ಷೆಗೂ ಬರಬಹುದು. ಕೈ ಅಡ್ಡ ಬಂದಾಗ ಲೈಟ್ ಕರ್ಟನ್ ಮೆಷಿನ್ನಿಗೆ ‘ನಿಲ್ಲು’ ಎನ್ನುತ್ತದೆ ಅಷ್ಟೆ. ನಡುದಾರಿಯಲ್ಲಿ ನಿಲ್ಲಲಾಗದ ಪಿನ್ ಕ್ಲಚ್ ಪ್ರೆಸ್‌ಗೆ ಹಾಗೆ ಹೇಳಿ ಉಪಯೋಗವಿಲ್ಲ. ಅದು ಹೊಂದುವುದು ಎಲ್ಲೆಂದರಲ್ಲಿ ನಿಲ್ಲಬಲ್ಲ ಫ್ರಿಕ್ಷನ್ ಕ್ಲಚ್ ಅಥವಾ ಹೈಡ್ರಾಲಿಕ್ ಪ್ರೆಸ್‌ಗೆ. ಎರಡು ಕೈಯ ಬಟನ್ ಹಾಕಿಸಿದರೆ, ಒಂದನ್ನು ಮೊಣಕೈಯಿಂದ ಒತ್ತಲು ಆಗದಷ್ಟು ದೂರ ಇರಬೇಕು. ಒಂದಕ್ಕೆ ಟೇಪ್ ಸುತ್ತಿ ಒತ್ತಿಟ್ಟರೆ ಮೆಷಿನ್ ಓಡಬಾರದು.

ಗ್ಲೌಸ್ ಬಗ್ಗೆ ಇನ್ನೂ ಒಂದು ಮಾತು. ತಿರುಗುವ ಡ್ರಿಲ್ಲಿನ ಹತ್ತಿರ ಗ್ಲೌಸೇ ಅಪಾಯ. ಬಟ್ಟೆಯ ಒಂದು ನೂಲು ಬಿಟ್‌ಗೆ ಸಿಕ್ಕಿದರೂ ಕೈಯನ್ನೇ ಎಳೆದುಕೊಳ್ಳುತ್ತದೆ. ‘ಎಲ್ಲರೂ ಎಲ್ಲ ಕಡೆ ಗ್ಲೌಸ್ ಧರಿಸಿ’ ಎಂಬ ಬೋರ್ಡು ಕಂಡರೆ, ಅಲ್ಲಿ ಅಪಾಯದ ಲೆಕ್ಕಾಚಾರ ಯಾರೂ ಮಾಡಿಲ್ಲ ಎಂದೇ ನಾನು ತಿಳಿಯುತ್ತೇನೆ.

ಸಂಖ್ಯೆಗಳನ್ನು ಬೇಗ ಮುಗಿಸುತ್ತೇನೆ. 1948ರ ಮೂಲ ಕಾಯ್ದೆಯಲ್ಲಿ ವಿದ್ಯುತ್ ಬಳಸುವಲ್ಲಿ 10, ಬಳಸದ ಕಡೆ 20 ಮಂದಿ ಇದ್ದರೆ ಕಾರ್ಖಾನೆ; ಸಂಹಿತೆಯಲ್ಲಿ ಅದು 20 ಮತ್ತು 40. ಸೇಫ್ಟಿ ಆಫೀಸರ್ ಹಿಂದೆ 1000 ಕಾರ್ಮಿಕರಿದ್ದರೆ ಕಡ್ಡಾಯವಾಗಿತ್ತು. ಈಗ 500, ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆಯಲ್ಲಿ 250. ಕ್ಯಾಂಟೀನ್ ಮಿತಿ 250ರಿಂದ 100ಕ್ಕೆ ಇಳಿದಿದೆ, ಕಾಂಟ್ರಾಕ್ಟ್ ಕಾರ್ಮಿಕರನ್ನೂ ಸೇರಿಸಿ ಎಣಿಸಬೇಕು. ಒಂದು ಕಡೆ ಮಾತ್ರ ನಿಲ್ಲಬೇಕು. ಪೀಣ್ಯದಲ್ಲಿ ಹನ್ನೆರಡು, ಹದಿನೈದು ಜನರ ಶೆಡ್ಡುಗಳು ಲೆಕ್ಕವಿಲ್ಲದಷ್ಟಿವೆ. “ನಮ್ಮದು ಈಗ ಕಾರ್ಖಾನೆನೇ ಅಲ್ಲ, ನಮಗೇನೂ ಅನ್ವಯಿಸಲ್ಲ” ಎಂದು ಅಲ್ಲಿನ ಓನರ್ ಹೇಳಿದರೆ ಅದು ತಪ್ಪು. ಹತ್ತು ಜನ ಕಾರ್ಮಿಕರಿದ್ದರೂ ಅದು ಸಂಹಿತೆಯ ಅರ್ಥದಲ್ಲಿ ‘ಸಂಸ್ಥೆ’. ಸೆಕ್ಷನ್ 6ರ ಹೊಣೆ ಸಂಸ್ಥೆಯ ಪ್ರತಿ ಮಾಲೀಕನದು.

ಅಪಘಾತ ವರದಿಗೆ ನೆನಪಿಡಬೇಕಾದದ್ದು 48 ಗಂಟೆ. ಸಾವು ಆದರೆ, ಅಥವಾ ಗಾಯಗೊಂಡವರು 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕೆಲಸಕ್ಕೆ ಬರಲಾಗದಿದ್ದರೆ ಇಲಾಖೆಗೆ ನೋಟಿಸ್ ಹೋಗಬೇಕು. ಎರಡನೇ ದಿನ ಗಾಯಾಳುವನ್ನು ಕರೆಸಿ ಒಂದು ಮೂಲೆಯಲ್ಲಿ ಕೂರಿಸಿ ಹಾಜರಿ ಹಾಕುವ ಚಾಳಿ ಹುಟ್ಟಿದ್ದೇ ಈ 48 ಗಂಟೆಯಿಂದ ತಪ್ಪಿಸಿಕೊಳ್ಳಲು. ಕಾಯಿಲೆಗೂ ನೋಟಿಸ್ ಇದೆ. ಪಟ್ಟಿಯಲ್ಲಿ ಸಿಲಿಕೋಸಿಸ್ (ಕಲ್ಲಿನ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ), ಸೀಸದ ವಿಷ, ಸದ್ದಿನಿಂದ ಬರುವ ಕಿವುಡು, ಎಲೆಕ್ಟ್ರೋಪ್ಲೇಟಿಂಗ್ ಮಾಡುವವರ ಕ್ರೋಮ್ ಹುಣ್ಣು ಎಲ್ಲ ಇವೆ. ಕ್ರೋಮ್ ತೊಟ್ಟಿಯ ಆವಿಯಲ್ಲಿ ವರ್ಷಗಟ್ಟಲೆ ನಿಂತವರ ಮೂಗಿನ ಒಳಗೋಡೆ ತೂತಾಗುವುದೂ ಉಂಟು. ನೋವಿಲ್ಲದೆ ಆಗುವುದರಿಂದ ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. ಉಚಿತ ತಪಾಸಣೆ ಬೇಕಾಗಿರುವುದು ಇಂಥ ಕಡೆಗೇ.

ಬೆಂಕಿಯ ವಿಷಯಕ್ಕೆ ಉದಾಹರಣೆ ಹುಡುಕಿ ದೂರ ಹೋಗಬೇಕಿಲ್ಲ, ಬೆಂಗಳೂರಿನಲ್ಲೇ ಇದೆ. 2010ರ ಫೆಬ್ರವರಿ 23ರಂದು ಹಳೆ ಏರ್‌ಪೋರ್ಟ್ ರಸ್ತೆಯ ಕಾರ್ಲ್ಟನ್ ಟವರ್ಸ್‌ನಲ್ಲಿ 9 ಜನ ತೀರಿಕೊಂಡರು, ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರೂ ಇದ್ದರು. ಅದು ಕಾರ್ಖಾನೆಯಲ್ಲ, ಆಫೀಸುಗಳಿದ್ದ ಕಟ್ಟಡ. ಹೊರಹೋಗುವ ಬಾಗಿಲಿಗೆ ಬೀಗ ಇರಬಾರದು, ಮೆಟ್ಟಿಲ ಮೇಲೆ ರಟ್ಟಿನ ಡಬ್ಬಿ ಪೇರಿಸಬಾರದು ಎಂಬುದು ಎಲ್ಲ ಕೆಲಸದ ಜಾಗಕ್ಕೂ ಸಲ್ಲುವ ಮಾತು.

ಕೆಲಸಗಾರನಿಗೂ ಹೊಣೆ ಇದೆ. ಸುರಕ್ಷತೆಗೆ ಕೊಟ್ಟ ಸಾಧನವನ್ನು ಬೇಕೆಂದೇ ಕೆಡಿಸಬಾರದು ಎಂದು ಸೆಕ್ಷನ್ 13 ಹೇಳುತ್ತದೆ. ಅದರ ಪಕ್ಕದಲ್ಲೇ ಸೆಕ್ಷನ್ 14 ಓದಿ: ಗಂಭೀರ ಅಪಾಯ ಎದುರಿಗಿದೆ ಎನ್ನಿಸಿದರೆ ಮಾಲೀಕರ ಗಮನಕ್ಕೆ ತರುವ ಹಕ್ಕು ಅವನಿಗಿದೆ, ತಕ್ಷಣ ಸರಿಪಡಿಸುವ ಹೊಣೆ ಮಾಲೀಕರದು. ದೇಹದ ಯಾವುದೇ ಭಾಗ ಶಾಶ್ವತವಾಗಿ ಹೋದರೆ ಅದು ಗಂಭೀರ ಗಾಯ. ಮಾಲೀಕರ ಹೊಣೆಗೇಡಿತನದಿಂದ ಅದು ಆದರೆ ಒಂದು ವರ್ಷದವರೆಗೆ ಜೈಲು, ಅಥವಾ 2ರಿಂದ 4 ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಸಾವಾದರೆ ಎರಡು ವರ್ಷದವರೆಗೆ ಜೈಲು, ಅಥವಾ 5 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ದಂಡದ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ಗಾಯಗೊಂಡವರಿಗೆ ಅಥವಾ ವಾರಸುದಾರರಿಗೆ ಕೊಡಿಸಲು ಕೋರ್ಟಿಗೆ ಅಧಿಕಾರವಿದೆ.

‘ನಿರ್ಲಕ್ಷ್ಯ’ ಎಂಬ ಪದದ ಬೆಲೆ ತಿಳಿಯುವುದು ಇಲ್ಲಿ. ಕೆಲಸಗಾರ ಬೇಕೆಂದೇ ಗಾರ್ಡ್ ತೆಗೆದ ಎಂದು ತೋರಿಸಿದರೆ, ಸಾವು ಅಥವಾ ಪೂರ್ತಿ ಶಾಶ್ವತ ಅಂಗವೈಕಲ್ಯ ಅಲ್ಲದ ಗಾಯಗಳಿಗೆ ಪರಿಹಾರ ಕೊಡುವುದರಿಂದ ಮಾಲೀಕ ತಪ್ಪಿಸಿಕೊಳ್ಳಬಹುದು ಎಂದು 1923ರ ಪರಿಹಾರ ಕಾಯ್ದೆಯಲ್ಲೇ ಇತ್ತು. ಬರೀ ಅಜಾಗರೂಕತೆಗೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ಗಾರ್ಡ್ ತೆಗೆದವರು ಯಾರು, ಯಾಕೆ ಎಂದು ಕೇಳುತ್ತಲೇ ಹೋಗಬೇಕು. ನಮ್ಮ ಹುಡುಗನ ಕೈ ಡೈ ಒಳಗೆ ಯಾಕೆ ಹೋಯಿತು? ಅಂಟಿಕೊಂಡ ಪೀಸು ತೆಗೆಯಲು. ಗಾರ್ಡ್ ಯಾಕೆ ತಡೆಯಲಿಲ್ಲ? ಅದು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಯಾಕೆ? ಹೊಸ ಡೈಗೆ ಅದು ಕೂರುತ್ತಿರಲಿಲ್ಲ, ಡೈ ಕೂರಿಸುವ ಸೆಟ್ಟರ್ ಬಿಚ್ಚಿಟ್ಟಿದ್ದ. ಹೊಸದು ಯಾಕೆ ಮಾಡಿಸಲಿಲ್ಲ? ಆರ್ಡರ್ ಅರ್ಜೆಂಟಿತ್ತು. “ಅಣ್ಣ, ಗಾರ್ಡ್ ಇಲ್ದೆ ಭಯ ಆಗುತ್ತೆ” ಎಂದು ಅವನು ನನ್ನ ಹತ್ತಿರ ಹೇಳಿದ್ದ. ನಾನು ಸೂಪರ್‌ವೈಸರ್‌ಗೆ ಹೇಳಿದ್ದೆ. ಬರವಣಿಗೆಯಲ್ಲಿ ಕೊಟ್ಟಿರಲಿಲ್ಲ.

ಅಸೈನ್‌ಮೆಂಟಿಗಾಗಿ ಆ ಎಂಟ್ರಿಯನ್ನು ನಾನು ತಿರುಗಿ ಹೀಗೆ ಬರೆದಿದ್ದೇನೆ. ಕಾರಣ: ಹೊಸ ಡೈಗೆ ಹೊಂದುವ ಗಾರ್ಡ್ ಮಾಡಿಸದೆ ಪ್ರೆಸ್ ಓಡಿಸಲಾಗಿದೆ, ಪೀಸು ತೆಗೆಯಲು ಚಿಮಟ ಕೊಟ್ಟಿಲ್ಲ, ಅಪಾಯದ ಬಗ್ಗೆ ಮೊದಲೇ ಬಾಯಿಮಾತಿನಲ್ಲಿ ತಿಳಿಸಲಾಗಿತ್ತು. ಕೈಗೊಂಡ ಕ್ರಮ: ಗಾರ್ಡ್ ಕೂರಿಸಿ ಪರೀಕ್ಷಿಸುವವರೆಗೆ ಮೆಷಿನ್ ಬಂದ್, ಮೇನ್ ಸ್ವಿಚ್‌ಗೆ ಬೀಗ, ಕೀ ಸೆಟ್ಟರ್ ಬಳಿ.